ನೋಡುವ ದಿನ, ಕೇಳುವ ದಿನ

ನಮ್ಮ ಊರಿನಲ್ಲಿ ಆಕಾಶದ ಸದ್ದು ನೆಲ ಮುಟ್ಟುವುದು ಮಾರನೆಯ ದಿನ. ಇವತ್ತು ಬೆಳಗಿನ ತಿಂಡಿಯ ಹೊತ್ತಿಗೆ ತಲೆಯ ಮೇಲೆ ಹಾದುಹೋದ ವಿಮಾನದ ಸದ್ದು ನಾಳೆ ಅದೇ ಹೊತ್ತಿಗೆ, ಅದೇ ಜಾಗದಲ್ಲಿ, ಖಾಲಿ ಆಕಾಶದಿಂದ ಕೇಳಿಸುತ್ತದೆ. ಬೇಲಿಯ ಮೇಲೆ ಕೂತ ಕಾಗೆ ಕೂಗಿದರೆ ಆಗಲೇ ಕೇಳುತ್ತದೆ. ಹಾರುತ್ತ ಕೂಗಿದರೆ ನಾಳೆ. ನಾವು ಇದಕ್ಕೆ ಒಗ್ಗಿಹೋಗಿದ್ದೇವೆ. ಮದುವೆ ಗೊತ್ತುಮಾಡುವವರು ಹಿಂದಿನ ದಿನ ಏನೇನು ಹಾರಲಿದೆ ಎಂದು ಮೊದಲು ವಿಚಾರಿಸಿಕೊಂಡು, ಆಮೇಲೆ ಪಂಚಾಂಗ ತೆಗೆಯುತ್ತಾರೆ. ಇಲ್ಲದಿದ್ದರೆ ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ನಿನ್ನೆಯ ಜೆಟ್ಟು ಗುಡುಗಿ, ಗಟ್ಟಿಮೇಳ ಎಂದು ಪುರೋಹಿತರು ಕೂಗಿದ್ದು ವಾಲಗದವರಿಗೇ ಕೇಳಿಸುವುದಿಲ್ಲ. ಹೊರಗಿನಿಂದ ಬಂದ ಸೊಸೆಯಂದಿರು ಮೊದಮೊದಲು ಬೆಚ್ಚಿಬಿದ್ದು ಮೇಲೆ ನೋಡುತ್ತಾರೆ. ಸ್ವಲ್ಪ ದಿನ ಕಳೆದರೆ ಅವರೂ ಕತ್ತು ಎತ್ತುವುದನ್ನು ಬಿಡುತ್ತಾರೆ.

ಊರ ಹೊರಗೆ ವಿಮಾನಪಡೆಯ ನೆಲೆ ಇದೆ. ನಾವು ಅದನ್ನು ಬೇಸು ಅನ್ನುತ್ತೇವೆ. ಹೊಸದಾಗಿ ಮಾಡಿದ ವಿಮಾನಗಳನ್ನು ಹಾರಿಸಿ ಪರೀಕ್ಷೆ ಮಾಡುವುದು ಅಲ್ಲಿಯೇ. ನಮ್ಮ ಆಕಾಶದಲ್ಲಿ ವೈರ್‌ಲೆಸ್ಸು ಹತ್ತುವುದಿಲ್ಲ. ಹಾಗಾಗಿ ಇಲ್ಲಿನ ಪೈಲಟ್ಟುಗಳಿಗೆ ಬೇರೆ ಎಲ್ಲೂ ಇಲ್ಲದ ಒಂದು ಅಭ್ಯಾಸ: ಮೇಲೆ ಏನೇನಾಗುತ್ತಿದೆಯೋ ಅದನ್ನೆಲ್ಲ ಬಾಯಿಬಿಟ್ಟು ಗಟ್ಟಿಯಾಗಿ ಹೇಳುತ್ತ ಹಾರುತ್ತಾರೆ. ಮಾರನೆಯ ದಿನ ಆ ದಾರಿಯ ಕೆಳಗೆ ಕುರ್ಚಿ ಹಾಕಿಕೊಂಡು ಕೂತವರಿಗೆ ಮೋಟಾರಿನ ಸದ್ದಿನ ಜೊತೆ ಆ ಮಾತೂ ಉದುರುತ್ತದೆ. ಅದನ್ನು ಪೂರ್ತಿ ಕೇಳಿಸಿಕೊಳ್ಳದೆ ಆ ವಿಮಾನವನ್ನು ಮತ್ತೆ ಮೇಲಕ್ಕೆ ಬಿಡುವುದಿಲ್ಲ.

ನನ್ನ ಸೈಕಲ್ ಅಂಗಡಿಯ ಪಕ್ಕದ ಮನೆ ಸಾಕಮ್ಮನವರದು. ಅವರ ಸೊಸೆ ವನಮಾಲ ಆ ಬೇಸಿನ ಪೈಲಟ್ಟು. ಮಗ ಶಂಭುವೂ ಪಡೆಯವನೇ, ದೂರದ ಹಿಮದ ಗಡಿಯಲ್ಲಿದ್ದಾನೆ, ರಜೆ ಸಿಕ್ಕಾಗ ಬರುತ್ತಾನೆ. ಮನೆಯಲ್ಲಿ ಇರುವುದು ಅತ್ತೆ ಸೊಸೆ ಇಬ್ಬರೇ. ಎದುರುಬದುರು ಕೂತು ಉಣ್ಣುವಾಗ ಇಬ್ಬರಿಗೂ ಮಾತು ಕಡಿಮೆ. ಅವರ ಮಾತುಕತೆಯೆಲ್ಲ ಆಕಾಶದ ಮೂಲಕ. ವನಮಾಲ ಮನೆಯ ಮೇಲೆ ಹಾದುಹೋಗುವಾಗ ಲೆಕ್ಕಾಚಾರದ ಮಾತು ನಿಲ್ಲಿಸಿ ಒಂದು ಕೂಗು ಹಾಕುತ್ತಾಳೆ. ಮಾರನೆಯ ದಿನ ಅದು ಮಹಡಿಯ ಮೇಲೆ ಬೀಳುತ್ತದೆ: "ಅತ್ತೇ, ಬಿಸಿಲಲ್ಲಿ ನಿಂತ್ಕೋಬೇಡಿ, ತಲೆನೋವು ಬರುತ್ತೆ!" ಸಾಕಮ್ಮ ಹಪ್ಪಳ ಒಣಹಾಕುವುದನ್ನು ಬಿಟ್ಟು, ಸೊಂಟಕ್ಕೆ ಸೆರಗು ಸಿಕ್ಕಿಸಿ, ಏನೂ ಇಲ್ಲದ ಆಕಾಶಕ್ಕೆ ಉತ್ತರ ಕೊಡುತ್ತಾರೆ: "ತಲೆ ನಂದು, ನೋವೂ ನಂದು! ನೀನು ಮುಂದೆ ನೋಡ್ಕೊಂಡು ಓಡ್ಸೇ!" ಸೊಸೆ ಆ ಹೊತ್ತಿಗೆ ಬೇಸಿನಲ್ಲಿ ಎಲ್ಲೋ ಚಹಾ ಕುಡಿಯುತ್ತಿರುತ್ತಾಳೆ. ಯಾರಾದರೂ ನಕ್ಕರೆ ಸಾಕಮ್ಮ ಅವರ ಮೇಲೆ ತಿರುಗುತ್ತಾರೆ. ಎದುರಿನವರ ಮಾತು ಮುಗಿಯುವವರೆಗೆ ಕಾಯುವ ಜಾಯಮಾನ ಅವರದಲ್ಲ. ಅರ್ಧದಲ್ಲೇ ಅವರ ಉತ್ತರ ಹೊರಟುಬಿಟ್ಟಿರುತ್ತದೆ.

ವರ್ಷಕ್ಕೊಮ್ಮೆ ಬೇಸಿನವರು ಗೇಟು ತೆಗೆದು ಎಲ್ಲ ವಿಮಾನಗಳನ್ನು ಜನರಿಗೆ ತೋರಿಸುತ್ತಾರೆ. ಬೇರೆ ಊರುಗಳಲ್ಲಿ ಇಂಥದ್ದು ಒಂದೇ ದಿನ ನಡೆಯುತ್ತದಂತೆ. ನಮ್ಮಲ್ಲಿ ಎರಡು ದಿನ, ನೋಡುವ ದಿನ ಒಂದು, ಕೇಳುವ ದಿನ ಒಂದು. ಮೊದಲ ದಿನ ವಿಮಾನಗಳು ಸದ್ದಿಲ್ಲದೆ ಪಲ್ಟಿ ಹೊಡೆಯುತ್ತವೆ. ಹೊರಗಿನಿಂದ ಬಂದವರು ಕಿವಿಯಲ್ಲಿ ನೀರು ನಿಂತವರ ಹಾಗೆ ತಲೆ ಕೊಡವಿಕೊಂಡು ಸಂಜೆಯ ಬಸ್ಸಿಗೆ ಹೊರಟುಹೋಗುತ್ತಾರೆ. ಎರಡನೆಯ ದಿನ ನಾವು ಚಾಪೆ, ಬುತ್ತಿ ತೆಗೆದುಕೊಂಡು ಬಯಲಿಗೆ ಹೋಗಿ, ಅಂಗಾತ ಮಲಗಿ, ಕಣ್ಣುಮುಚ್ಚಿ ಕೇಳುತ್ತೇವೆ. ಜೆಟ್ಟು ನೆತ್ತಿಯ ಮೇಲೆ ಹಾದಾಗ ನೆಲ ನಡುಗಿ ಬುತ್ತಿಯ ಮುಚ್ಚಳ ಕುಣಿಯುತ್ತದೆ. ಅದಕ್ಕೆ ನಾವು ಚಪ್ಪಾಳೆ ತಟ್ಟುತ್ತೇವೆ. ಆ ಸುಖ ಸಂಜೆಯ ಬಸ್ಸಿನವರಿಗೆ ಎಲ್ಲಿಂದ ಗೊತ್ತಾಗಬೇಕು.

ಸಾಕಮ್ಮ ಮಾತ್ರ ಒಂದು ವರ್ಷವೂ ಗೇಟಿನ ಒಳಗೆ ಕಾಲಿಟ್ಟವರಲ್ಲ. "ನಂಗೇನು ಕೆಲ್ಸ ಇಲ್ವಾ? ಕಬ್ಬಿಣ ನೋಡಕ್ಕೆ ಅಲ್ಲೀತನಕ ಹೋಗ್ಬೇಕಾ?" ಅನ್ನುತ್ತಿದ್ದರು. ಈ ಸಲ ವನಮಾಲ ಊಟದ ಮುಂದೆ ಕೂತಾಗಲೇ ಬಾಯಿಬಿಟ್ಟು ಕರೆದಳು. "ಅತ್ತೆ, ಈ ಸಲ ಹೊಸದೊಂದು ಹಾರಿಸ್ತಾ ಇದೀನಿ. ಬಂದು ನೋಡಿ." ಎದುರಿಗೇ ಕೇಳಿದ್ದರಿಂದ ಸಾಕಮ್ಮನವರಿಗೆ ತಕ್ಷಣ ಜವಾಬು ಹೊಳೆಯಲಿಲ್ಲವೋ ಏನೋ, ರೇಷ್ಮೆ ಸೀರೆ ಉಟ್ಟು ನನ್ನ ಜೊತೆ ಹೊರಟರು.

ಒಳಗೆ ಹೋದಮೇಲೆ ಅವರ ಬಾಯಿ ಕಟ್ಟಿತು. ನಾನು ಎಷ್ಟು ಸಲ ನೋಡಿದ್ದರೂ ಆ ಸಾಲು ನೋಡಿದರೆ ನನಗೂ ಎದೆ ತುಂಬಿ ಬರುತ್ತದೆ. ಮೊದಲಿಗೆ ಬಟ್ಟೆಯ ರೆಕ್ಕೆಯ ಹಳೆಯ ವಿಮಾನ, ಒಂದರ ಮೇಲೊಂದು ಎರಡು ಜೊತೆ ರೆಕ್ಕೆ, ನಡುವೆ ತಂತಿ ಬಿಗಿದದ್ದು. ಅದರ ಪಕ್ಕ ಸಾಮಾನು ಸಾಗಿಸುವ ದೊಡ್ಡ ವಿಮಾನ, ಗಬ್ಬದ ಎಮ್ಮೆಯ ಹಾಗೆ ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು ನಿಂತಿತ್ತು; ಹಿಂಬಾಗಿಲು ತೆಗೆದರೆ ಒಳಗೆ ಎರಡು ಲಾರಿ ನಿಲ್ಲಬಹುದು. ಆಮೇಲೆ ಯುದ್ಧವಿಮಾನಗಳು, ಚೂಪು ಮೂತಿ, ಎಲ್ಲೂ ಒಂದು ಮೊಳೆಯ ತಲೆ ಎದ್ದುಕಾಣದ ಮೈ. ಒಂದಕ್ಕೆ ಬಾಲವೇ ಇರಲಿಲ್ಲ. ಇನ್ನೊಂದು ಬೇಕೆಂದಾಗ ರೆಕ್ಕೆಗಳನ್ನು ಹಿಂದಕ್ಕೆ ಮಡಿಸಿಕೊಳ್ಳುತ್ತಿತ್ತು. ಕೊನೆಯಲ್ಲಿ ಪರೀಕ್ಷೆಯಲ್ಲಿ ಸೋತ ವಿಮಾನಗಳ ಸಾಲು. ಒಂದೇ ಸಲ ಹಾರಿ ಮತ್ತೆ ಹಾರಲಾರದೆ ಉಳಿದದ್ದು, ಓಡುದಾರಿಯ ತುದಿಯವರೆಗೆ ಓಡಿ ಅಲ್ಲೇ ಕೂತದ್ದು. ನಮ್ಮ ಬೇಸಿನವರು ಅವುಗಳನ್ನು ಗುಜರಿಗೆ ಹಾಕದೆ, ಎಣ್ಣೆ ಹಚ್ಚಿ, ಹೂವಿನ ಹಾರ ಹಾಕಿ ನಿಲ್ಲಿಸುತ್ತಾರೆ. ಅವು ಸೋತದ್ದರಿಂದಲೇ ಉಳಿದವು ಹಾರಿದವು ಎಂಬುದು ಅವರ ನಂಬಿಕೆ. ನಮ್ಮೂರಿನ ಜನ ಅವುಗಳ ಮುಂದೆ ಚಪ್ಪಲಿ ಬಿಟ್ಟು ನಿಲ್ಲುತ್ತಾರೆ. ಸಾಕಮ್ಮನವರೂ ಬಿಟ್ಟರು.

ಹೊಸದು ಓಡುದಾರಿಯ ಪಕ್ಕದಲ್ಲಿ ಒಂಟಿಯಾಗಿ ನಿಂತಿತ್ತು. ಅದಕ್ಕೆ ಇನ್ನೂ ಹೆಸರಿಟ್ಟಿರಲಿಲ್ಲ, ನೋಡಿದ ಜನ ಆಗಲೇ ಕೊಕ್ಕರೆ ಅಂದುಬಿಟ್ಟಿದ್ದರು. ಮೈ ಒಬ್ಬರು ಕೂರುವಷ್ಟು, ರೆಕ್ಕೆ ಮಾತ್ರ ಈ ಕೊನೆಯಿಂದ ಆ ಕೊನೆಗೆ ನಮ್ಮ ಬೀದಿಯಷ್ಟು ಉದ್ದ. ರೆಕ್ಕೆಯ ಮೇಲೆಲ್ಲ ಬಿಸಿಲು ಹೀರುವ ಕಪ್ಪು ಹಲಗೆ. ಬಿಸಿಲು ಕುಡಿದು ಮೋಟಾರು ತಿರುಗುತ್ತದೆ, ದಿನಗಟ್ಟಲೆ ಇಳಿಯದೆ ಗಡಿ ಕಾಯಬಹುದು ಎಂದು ವನಮಾಲ ವಿವರಿಸಿದಳು. ಸಾಕಮ್ಮ ಬೆರಳ ಹಿಂಬದಿಯಿಂದ ರೆಕ್ಕೆಯನ್ನು ಮೆಲ್ಲನೆ ಸವರಿದರು.

"ಇಷ್ಟು ತೆಳ್ಳಗಿದೆಯಲ್ಲೇ! ಇದ್ರೊಳಗೆ ಕಾಲು ಎಲ್ಲಿಡ್ತೀಯಾ?"

"ಚಾಚ್ಕೊಂಡು ಕೂತ್ಕೋತೀನಿ ಅತ್ತೆ, ಈಸಿಚೇರ್ ಥರ."

"ಮನೇಲಿ ಒಂದಿನ ಕಾಲು ಚಾಚಿ ಕೂತಿದ್ದು ನಾ ಕಾಣೆ. ಚಾಚಕ್ಕೆ ಅಷ್ಟು ಮೇಲಕ್ಕೆ ಹೋಗ್ಬೇಕಾ?" ಅಂದರು. ಆಮೇಲೆ ನನ್ನ ಕಡೆ ತಿರುಗಿ, ದನಿ ತಗ್ಗಿಸಿ, "ಚೆಲುವ, ಇಷ್ಟು ಚೆಂದ ಇರುತ್ತೆ ಅಂತ ಒಬ್ರಾದ್ರೂ ನಂಗೆ ಹೇಳ್ಬಾರ್ದಿತ್ತೇನೋ?" ಅಂದರು. ಅವರ ಕಣ್ಣು ಒದ್ದೆಯಾಗಿತ್ತು. ಹೇಳಿದ್ದರೂ ಕೇಳುತ್ತಿರಲಿಲ್ಲ ಎಂದು ನಾನು ಬಾಯಿಬಿಡಲಿಲ್ಲ.

ಕೊಕ್ಕರೆ ಗರಗರ ಎನ್ನುತ್ತ ಓಡಿತು. ಗಾಲಿ ನೆಲ ಬಿಟ್ಟ ಕೂಡಲೇ ಸದ್ದು ಕತ್ತರಿಸಿದ ಹಾಗೆ ನಿಂತಿತು. ಆ ಉದ್ದ ರೆಕ್ಕೆ ಎರಡೂ ತುದಿಯಲ್ಲಿ ಬಿಲ್ಲಿನ ಹಾಗೆ ಬಾಗಿ, ಬಯಲಿನ ಮೇಲೆ ನಿಧಾನವಾಗಿ ತಿರುಗಿ, ದಕ್ಷಿಣದ ಬೆಟ್ಟದ ಕಡೆ ಹೊರಟಿತು. ಅದು ಹೋಗುವ ಚೆಂದ ನೋಡುತ್ತ ಸಾವಿರ ಜನ ಉಸಿರು ಬಿಗಿಹಿಡಿದರು. ಕೋಣನ ಕಣಿವೆಯ ಹತ್ತಿರ ಮೋಡ ಕವಿದಿತ್ತು. ಕೊಕ್ಕರೆ ಮೋಡದ ಹಿಂದೆ ಮರೆಯಾಯಿತು. ತಿರುಗಿ ಬರಬೇಕಾದ ಹೊತ್ತು ಆಯಿತು, ಬರಲಿಲ್ಲ. ಮೇಲೆ ಜೆಟ್ಟುಗಳು ಹಾರಿ ಇಳಿದವು, ನಾವು ಯಾರೂ ಅವುಗಳ ಕಡೆ ನೋಡಲಿಲ್ಲ.

ಹೆಲಿಕಾಪ್ಟರುಗಳು ಹೋದವು. ಕಣಿವೆಯಾಚೆ ಮಂಜು ನೆಲದವರೆಗೆ ಇಳಿದು ಮುಚ್ಚಿಕೊಂಡಿದೆ, ಕಾಲ ಕೆಳಗಿನ ಮರವೂ ಕಾಣುವುದಿಲ್ಲ ಎಂದು ತಿರುಗಿ ಬಂದವು. ಅಲ್ಲಿಂದಾಚೆಗೆ ಬಿದಿರ ಕಾಡು, ಒಂದಕ್ಕೊಂದು ಸೇರದ ಮೂರು ದೊಡ್ಡ ಕೊರಕಲು. ಒಂದೊಂದನ್ನು ಹುಡುಕುವುದಕ್ಕೂ ದಿನಗಳು ಬೇಕು. ಬಿದ್ದವರು ಅಷ್ಟು ದಿನ ಕಾಯಲಾರರು. ಬೇಸಿನ ದೊಡ್ಡ ಸಾಹೇಬರು ಟೋಪಿ ಕೈಯಲ್ಲಿ ಹಿಡಿದು ಸಾಕಮ್ಮನವರ ಮುಂದೆ ಬಂದು ನಿಂತರು. "ಅಮ್ಮಾ, ನಾಳೆ ಕೇಳಿಸಿಕೊಂಡರೇ ಗೊತ್ತಾಗಬೇಕು. ವನಮಾಲ ಮೇಲಿಂದ ಏನಾದರೂ ಹೇಳಿಯೇ ಇರುತ್ತಾರೆ" ಅಂದರು.

"ಎಲ್ಲಿ ನಿಂತ್ರೆ ಕೇಳ್ಸುತ್ತೆ?"

"ಕಣಿವೆಯ ಬಾಯಲ್ಲಿ. ಆಚೆಗೆ ಮನುಷ್ಯರು ನಿಲ್ಲುವ ಜಾಗವೇ ಇಲ್ಲ."

"ನಾನೂ ಬರ್ತೀನಿ."

"ಅಲ್ಲಿ ಚಳಿ, ನಿಮಗೆ ವಯಸ್ಸಾಗಿದೆ..."

"ಅವಳ ಗಂಟ್ಲು ನಂಗೆ ಗೊತ್ತಾಗದೆ ನಿಮ್ಗೆ ಗೊತ್ತಾಗುತ್ತಾ?" ಅಂದರು ಸಾಕಮ್ಮ. ಸಾಹೇಬರ ಮಾತು ಮುಗಿದೇ ಇರಲಿಲ್ಲ.

ಮಾರನೆಯ ದಿನ ಊರಿನವರು ಚಾಪೆ ಬಿಚ್ಚಲಿಲ್ಲ. ಬೇಸಿನಿಂದ ಬೆಟ್ಟದ ಬುಡದವರೆಗೆ, ಕೊಕ್ಕರೆ ಹೋದ ದಾರಿಯ ಕೆಳಗೆ ಉದ್ದಕ್ಕೂ ಸಾಲಾಗಿ ನಿಂತರು. ಹೋಟೆಲಿನವರು, ಮೇಷ್ಟ್ರುಗಳು, ಮದುವೆಯ ವಾಲಗದವರು, ಎಲ್ಲರೂ. ತಮ್ಮ ನೆತ್ತಿಯ ಮೇಲೆ ಸದ್ದು ಬಂದ ಕೂಡಲೇ ಟವೆಲ್ಲೋ ಸೆರಗೋ ಎತ್ತಿ ಬೀಸಬೇಕು, ಅದನ್ನು ಕಂಡು ಮುಂದಿನವರು ಉಸಿರು ಬಿಗಿಹಿಡಿಯಬೇಕು ಎಂದು ಮಾತಾಗಿತ್ತು. ಊರಿನ ಮೇಲೆ ಆ ಹೊತ್ತಿಗೆ ನಿನ್ನೆಯ ಜೆಟ್ಟುಗಳ ಅಬ್ಬರ ಇದ್ದೇ ಇರುತ್ತದೆ. ನಿನ್ನೆ ಹಾರಿದ್ದನ್ನು ಇವತ್ತು ನಿಲ್ಲಿಸುವುದು ದೊಡ್ಡ ಸಾಹೇಬರ ಕೈಯಲ್ಲೂ ಇಲ್ಲ. ಕಣಿವೆ ದೂರವಿದ್ದದ್ದೇ ಪುಣ್ಯ.

ಕಣಿವೆಯ ಬಾಯಲ್ಲಿ ನಾವು ಹತ್ತಾರು ಜನ ಇದ್ದೆವು. ಮಂಜು ಇನ್ನೂ ಕದಲಿರಲಿಲ್ಲ. ಸಾಹೇಬರು, ಸ್ಟ್ರೆಚರ್ ಹಿಡಿದ ಜವಾನರು, ಜೀಪು ಓಡಿಸುವವರು, ನಾನು. ಸಾಕಮ್ಮನವರಿಗೆ ಬಂಡೆಯ ಮೇಲೆ ಕಂಬಳಿ ಹಾಸಿ ಕೂರಿಸಿದ್ದೆವು. ಯಾರೂ ಮಾತಾಡಬಾರದು, ಕೆಮ್ಮಲೂಬಾರದು ಎಂದು ಸಾಹೇಬರು ಎರಡೆರಡು ಸಲ ಹೇಳಿದರು. ಎರಡನೆಯ ಸಲ ಹೇಳುವಾಗ ಸಾಕಮ್ಮನವರ ಕಡೆಯೇ ನೋಡಿದರು. "ನಂಗೇನು ಅಷ್ಟೂ ತಿಳಿಯಲ್ವಾ?" ಎಂದು ಸಾಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಬಯಲಿನಲ್ಲಿ ಟವೆಲ್ಲುಗಳು ಏಳತೊಡಗಿದವು. ಒಂದಾದ ಮೇಲೆ ಒಂದು, ಬಿಳಿ, ಕೆಂಪು, ಚೌಕಳಿ, ಒಂದು ಹಳದಿ ಸೆರಗು, ನಮ್ಮ ಕಡೆಗೇ ಬಂದವು. ಬುಡದಲ್ಲಿ ನಿಂತವರ ಟವೆಲ್ಲೂ ಎದ್ದಿತು. ಆಮೇಲೆ ನಮ್ಮ ತಲೆಯ ಮೇಲೆ ಮೋಟಾರಿನ ಗುಂಯ್‌ಗುಡುವಿಕೆ ಕೇಳಿಸಿತು. ಕೇಳಿಸುತ್ತಿದ್ದ ಹಾಗೆಯೇ ಅದು ಎರಡು ಸಲ ಮುಗ್ಗರಿಸಿ ನಿಂತುಹೋಯಿತು. ಉಳಿದದ್ದು ರೆಕ್ಕೆಯ ಮೇಲೆ ಗಾಳಿ ಸುಯ್ಯುವ ಸದ್ದು. ಅದು ನಮ್ಮ ನೆತ್ತಿಯ ಮೇಲೆಯೇ ಸುತ್ತು ಹಾಕುತ್ತಿತ್ತು. ವನಮಾಲ ಕಣಿವೆ ಬಿಟ್ಟು ಮುಂದಕ್ಕೆ ಹೋಗಿರಲಿಲ್ಲ. ಆಚೆ ಹೋಗಿ ಏನು ಹೇಳಿದರೂ ಕೇಳುವ ಕಿವಿ ಇರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಆಮೇಲೆ ಅವಳ ದನಿ, ಪಕ್ಕದಲ್ಲಿ ಕೂತು ಮಾತಾಡಿದಷ್ಟು ಸ್ಪಷ್ಟವಾಗಿ: "ಮೋಟಾರು ನಿಂತಿದೆ. ಮತ್ತೆ ಹತ್ತುತ್ತಾ ಇಲ್ಲ. ಅತ್ತೇ, ನೀವು ಇಲ್ಲಿಗೆ ಬಂದಿರ್ತೀರಿ ಅಂತ ಗೊತ್ತು. ಹೆದರ್ಕೋಬೇಡಿ. ನಾನು ಇಳೀತಾ ಇದೀನಿ."

ಸಾಕಮ್ಮನವರ ಬಾಯಿಂದ ಸೆರಗು ಜಾರಿತು. ಎದ್ದು ನಿಂತು ಎರಡೂ ಕೈ ಮೇಲೆತ್ತಿ ಕೂಗಿದರು, "ಏನೇ, ಏನಾಯ್ತೇ ನಿಂಗೆ! ಬೇಡ ಕಣೇ, ಅಲ್ಲಿ ಇಳೀಬೇಡ, ಬರೀ ಬಿದಿರು! ತಿರುಗಿಸ್ಕೊಂಡು ಮನೇ ಕಡೆ ಬಾರೇ! ನನ್ನ ಮಾತು ಒಂದಿನಾನಾದ್ರೂ ಕೇಳಿದೀಯಾ ನೀನು? ಬಾರೇ ನನ್ನವ್ವ, ಬಾರೇ!" ಇಷ್ಟು ವರ್ಷ ಮಹಡಿಯ ಮೇಲೆ ನಿಂತು ಉತ್ತರ ಕೊಟ್ಟ ಗಂಟಲು ಅದು, ತಡೆದರೆ ನಿಲ್ಲುವಂಥದ್ದಲ್ಲ. ನಾನು ಅವರ ತೋಳು ಹಿಡಿದೆ, ಸಾಹೇಬರು ಕೈಸನ್ನೆ ಮಾಡಿದರು, ಒಬ್ಬ ಜವಾನ ಕೈಮುಗಿದೇಬಿಟ್ಟ. ಅವರ ಕೂಗು ಬೆಟ್ಟಕ್ಕೆ ಬಡಿದು ಮತ್ತೆ ನಮ್ಮ ಮೇಲೆಯೇ ಬಂತು. ಮುಗಿಯುವ ಹೊತ್ತಿಗೆ ಆಗಬಾರದ್ದು ಆಗಿಹೋಗಿತ್ತು.

ಮೇಲೆ ಗಾಳಿಯ ಸುಯ್ಲು ಮಾತ್ರ ಇತ್ತು. ಸಾಹೇಬರ ಮುಖ ಬಿಳಿಚಿಕೊಂಡಿತು. ಯಾವ ಕೊರಕಲು ಎಂದು ಅವಳು ಹೇಳಿದ್ದು ಆ ಕೂಗಿನ ಅಡಿಯಲ್ಲಿ ಹೂತುಹೋಯಿತು ಎಂದೇ ನಾವೆಲ್ಲ ತಿಳಿದೆವು. ಆಕಾಶ ಒಮ್ಮೆ ಹೇಳಿದ್ದನ್ನು ಮತ್ತೆ ಕೇಳಿಸುವುದಿಲ್ಲ. ಸಾಕಮ್ಮನವರಿಗೂ ಆಗ ತಿಳಿಯಿತು. ಎರಡೂ ಅಂಗೈಯಿಂದ ಬಾಯಿ ಒತ್ತಿಕೊಂಡು ಬಂಡೆಯ ಮೇಲೆ ಕುಸಿದರು. ತಾನೇ ಕೈಯಾರೆ ಸೊಸೆಯನ್ನು ಕೊಂದೆ ಎಂದು ಆ ಗಳಿಗೆಯಲ್ಲಿ ಅನ್ನಿಸಿತಂತೆ. ಆಮೇಲೆ ಅವರೇ ನನಗೆ ಹೇಳಿದ್ದು ಇದು. ಗಾಳಿಯ ಸದ್ದು ತಗ್ಗುತ್ತ, ನಮ್ಮ ತಲೆಗೆ ಹತ್ತಿರವಾಗುತ್ತ, ಒಂದು ಪೂರ್ತಿ ಸುತ್ತು ಬಂತು.

ಆಗ ವನಮಾಲ ಅಂದಳು: "ಆಯ್ತಾ ಅತ್ತೆ? ಈಗ ಹೇಳ್ತೀನಿ, ಕೇಳಿ."

ಸಾಕಮ್ಮನವರ ಕೈ ಬಾಯಿಯ ಮೇಲೆಯೇ ಇತ್ತು, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

"ಎಡಗಡೆ ಕೊರಕಲು. ಎಡಗಡೇದು. ಅದರ ತುದೀಲಿ ಮಂಜು ಒಂಚೂರು ಸರಿದಿದೆ, ಜೊಂಡು ಬೆಳೆದಿರೋ ಕೆರೆ ಕಾಣ್ತಾ ಇದೆ. ಅಲ್ಲಿಗೆ ಹೋಗ್ತೀನಿ. ಜೊಂಡಿನ ಕೆರೆ." ಸುಯ್ಲು ನಮ್ಮ ತಲೆ ದಾಟಿ ಎಡಕ್ಕೆ ತಿರುಗಿ, ಸಣ್ಣದಾಗಿ, ಮಂಜಿನಲ್ಲಿ ಕರಗಿತು.

ಜವಾನರು ಆಗಲೇ ಓಡುತ್ತಿದ್ದರು. ಜೀಪು ಹೋಗುವಷ್ಟು ದೂರ ಜೀಪು, ಅಲ್ಲಿಂದಾಚೆಗೆ ಕತ್ತಿಯಿಂದ ಬಿದಿರು ಸವರಿಕೊಂಡು ನಡಿಗೆ. ಸಾಕಮ್ಮನವರನ್ನು ಬಿಟ್ಟು ಬರೋಣವೆಂದರೆ ಕೇಳಬೇಕಲ್ಲ. ನಿನ್ನೆ ಉಟ್ಟಿದ್ದ ರೇಷ್ಮೆ ಸೀರೆಯನ್ನೇ ಮೊಣಕಾಲವರೆಗೆ ಎತ್ತಿಕಟ್ಟಿ, ನನ್ನ ಭುಜ ಹಿಡಿದು, ಮುಳ್ಳನ್ನೂ ಲೆಕ್ಕಿಸದೆ ನಡೆದರು. ದಾರಿಯುದ್ದಕ್ಕೂ ಒಂದು ಮಾತಾಡಲಿಲ್ಲ. ಅವರು ಸುಮ್ಮನಿರುವುದನ್ನು ನೋಡಿ ನನಗೇ ಭಯವಾಯಿತು.

ಕೆರೆ ಇನ್ನೂ ಕೂಗಳತೆ ದೂರವಿರುವಾಗಲೇ ಕೊಕ್ಕರೆ ಸಿಕ್ಕಿತು. ಕೆರೆಯ ಈಚೆಯ ಜೌಗಿನಲ್ಲಿ, ಒಂದು ರೆಕ್ಕೆ ಬಿದಿರು ಮೆಳೆಗೆ ಸಿಕ್ಕಿ ಮುರಿದು, ಇನ್ನೊಂದು ರೆಕ್ಕೆ ಕೆಸರಿನ ಮೇಲೆ ಚಾಚಿಕೊಂಡು ಬಿದ್ದಿತ್ತು. ಆ ಸ್ಥಿತಿಯಲ್ಲೂ ಅದು ಚೆಂದವೇ ಇತ್ತು. ಅಷ್ಟು ತೆಳ್ಳನೆಯ ಮೈ ಮುರಿಯದೆ ಒಳಗಿದ್ದವಳನ್ನು ಕಾಪಾಡಿತ್ತು. ವನಮಾಲ ರೆಕ್ಕೆಯ ನೆರಳಲ್ಲಿ ಮಲಗಿದ್ದಳು. ಒಂದು ಕಾಲು ಮುರಿದಿತ್ತು, ಬಿದಿರ ಸೀಳಿನಿಂದ ಅವಳೇ ಅದನ್ನು ಕಟ್ಟಿಕೊಂಡಿದ್ದಳು. ತುಟಿ ಒಣಗಿ ಬಿರಿದಿತ್ತು, ಕಣ್ಣು ಮಾತ್ರ ನೆಟ್ಟಗಿತ್ತು.

ಸಾಹೇಬರು ಅವಳಿಗೆ ನೀರು ಕುಡಿಸಿದರು. "ಮೋಟಾರಿಲ್ಲದೆ, ಈ ಮಂಜಿನಲ್ಲಿ ಇಲ್ಲಿಯವರೆಗೆ ತಂದಿದ್ದೀರಲ್ಲ ಮೇಡಂ, ಬೇರೆ ಯಾರಿಂದಲೂ ಆಗುತ್ತಿರಲಿಲ್ಲ" ಅಂದರು. ವನಮಾಲ ತಲೆಯಾಡಿಸಿದಳು. ಅವಳು ನೋಡುತ್ತಿದ್ದದ್ದು ಅತ್ತೆಯನ್ನು.

ಸಾಕಮ್ಮ ಕೆರೆಯ ಕಡೆ ನೋಡಿದರು, ಮುರಿದ ರೆಕ್ಕೆಯ ಕಡೆ ನೋಡಿದರು. "ಕೆರೇಗೆ ಅಂದಿದ್ಯಲ್ಲೇ" ಅಂದರು ಮೆಲ್ಲನೆ. "ಇಲ್ಲೇ ಯಾಕೆ ಬಿದ್ದೆ?"

"ಮುಟ್ಟಕ್ಕಾಗ್ಲಿಲ್ಲ ಅತ್ತೆ. ಎತ್ತರ ಸಾಲ್ಲಿಲ್ಲ."

"ಕಣಿವೆ ಮೇಲೆ ಒಂದು ಸುತ್ತು ಬಾಯಿಬಿಡದೆ ಸುಮ್ನೆ ಸುತ್ತಿದ್ಯಲ್ಲ. ಅದ್ಯಾಕೆ?"

"ನೀವು ಮಾತಾಡ್ತಾ ಇರ್ತೀರಲ್ಲ" ಅಂದಳು ವನಮಾಲ. "ನಿಮ್ದು ಮುಗೀಲಿ ಅಂತ ಕಾದೆ."

ಸಾಹೇಬರು ಟೋಪಿ ತೆಗೆದರು. ಆ ಒಂದು ಸುತ್ತಿಗೆ ಎಷ್ಟು ಎತ್ತರ ಖರ್ಚಾಗುತ್ತದೆ ಎಂದು ಅಲ್ಲಿದ್ದವರೆಲ್ಲರಿಗೂ ಗೊತ್ತಿತ್ತು. ಸಾಕಮ್ಮನವರಿಗೂ ಅಷ್ಟು ಹೊತ್ತಿಗೆ ಗೊತ್ತಾಗಿತ್ತು.

"ಅಷ್ಟು ಕಾಯೋಷ್ಟು ಎತ್ತರ ಇತ್ತೇನೇ ನಿನ್ಹತ್ರ?"

"ಇರ್ಲಿಲ್ಲ ಅತ್ತೆ."

ಸಾಕಮ್ಮ ಕೆಸರಲ್ಲೇ ಕೂತು, ಸೊಸೆಯ ತಲೆಯನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು, ಕಾಡೆಲ್ಲ ಕೇಳುವ ಹಾಗೆ ಗಟ್ಟಿಯಾಗಿ ಅತ್ತರು. ಅವರಿಗೆ ಸುಮ್ಮನಿರಿ ಎಂದು ನಮ್ಮಲ್ಲಿ ಯಾರೂ ಹೇಳಲಿಲ್ಲ.